ಮೂರು ರೆಫರ್ ಚೀಟಿ: ನಮ್ಮ ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ಹೋದ ಮಳೆಗಾಲದಲ್ಲಿ ನೀವು ಫೇಸ್‌ಬುಕ್‌ನಲ್ಲಿ ಹಂಚಿಕೊಂಡ ವಿಡಿಯೊ ನಾನೂ ನೋಡಿದೆ. ತೋಟದ ಮನೆಯೊಂದರ ಬಚ್ಚಲಲ್ಲಿ ಸೇರಿಕೊಂಡಿದ್ದ ಉದ್ದನೆಯ ಕಾಳಿಂಗವನ್ನು ಹಿಡಿದು ಕಾಡಿಗೆ ಬಿಟ್ಟಿದ್ದು. ಕೆಳಗೆ ‘ನಮ್ಮ ಮಲೆನಾಡಿನ ಹೆಮ್ಮೆ’ ಅಂತ ಬರೆದಿದ್ದಿರಿ. ತಪ್ಪೇನಿಲ್ಲ. 2024ರಲ್ಲಿ ವಿಜ್ಞಾನಿಗಳು ಪಶ್ಚಿಮ ಘಟ್ಟದ ಕಾಳಿಂಗವೇ ಬೇರೆ ಪ್ರಭೇದ ಅಂತ ಗುರುತಿಸಿ, ನಮ್ಮ ಕನ್ನಡದ ಹೆಸರನ್ನೇ ಅದಕ್ಕೆ ಇಟ್ಟರು. ಓಫಿಯೋಫೇಗಸ್ ಕಾಳಿಂಗ. ನಮ್ಮ ಅಜ್ಜಿ ಕರೆಯುತ್ತಿದ್ದ ಹೆಸರು ಈಗ ಜಗತ್ತಿನ ಪುಸ್ತಕದಲ್ಲಿದೆ.

ಆದರೆ ಕಾಳಿಂಗ ಕಚ್ಚಿ ಸತ್ತವರು ನಮ್ಮ ಹೋಬಳಿಯಲ್ಲಿ ಇದ್ದಾರೆ ಅಂತ ನಾನಂತೂ ಕೇಳಿಲ್ಲ. ಮನುಷ್ಯರ ಸದ್ದಾದರೆ ಅದೇ ದಾರಿ ಬಿಟ್ಟು ಹೋಗುತ್ತದೆ. ನಮ್ಮ ಜನರ ಜೀವ ತೆಗೆಯುವುದು ಟಿವಿಯಲ್ಲಿ ಬರದ ಹಾವುಗಳು. ತರಗೆಲೆಯ ಬಣ್ಣದ, ಹತ್ತಿರ ಹೋದರೂ ಅಲ್ಲಾಡದೆ ಬಿದ್ದಿರುವ ಕೊಳಕುಮಂಡಲ. ನೆಲದ ಮೇಲೆ ಚಾಪೆ ಹಾಸಿ ಮಲಗಿದವರ ಪಕ್ಕಕ್ಕೇ ರಾತ್ರಿ ಬರುವ ಕಟ್ಟುಹಾವು. ಕಾಳಿಂಗ ಹಿಡಿದರೆ ಮುಖಪುಟದಲ್ಲಿ ಫೋಟೊ. ಕೊಳಕುಮಂಡಲ ಕಚ್ಚಿ ಕೂಲಿಯವನು ಸತ್ತರೆ ಒಳಪುಟದಲ್ಲಿ ನಾಲ್ಕು ಸಾಲು.

ಈ ಪತ್ರ ಆ ನಾಲ್ಕು ಸಾಲಿನವರ ಬಗ್ಗೆ. ಸುಮ್ನೆ ದೂರು ಹೇಳಲು ಬರೆದದ್ದಲ್ಲ, ನಿಮ್ಮಿಂದ ಒಂದು ಕೆಲಸ ಆಗಬೇಕು. ಅದಕ್ಕೆ ಮೊದಲು ಒಂದು ಸಂಜೆಯ ಕಥೆ ಹೇಳುತ್ತೇನೆ.

ದೀಪಾವಳಿ ಕಳೆದು ಅಡಿಕೆ ಗೊನೆಯ ಕೊಯ್ಲು ಶುರುವಾಗಿತ್ತು. ನಮ್ಮ ಪಕ್ಕದ ಮನೆಯ ಸೊಸೆ, ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಮನೆ ಹಿಂದಿನ ತೋಟದಲ್ಲಿ ಅಡಿಕೆ ಹಾಳೆ ಹೆಕ್ಕುತ್ತಿದ್ದಳು. ಗಂಟೆ ಆರೂ ನಲವತ್ತು. ಮುಸ್ಸಂಜೆ. ಕುಕ್ಕರ್ ಕೂಗುವ ಮೊದಲು ಬುಸುಗುಡುತ್ತದಲ್ಲ, ಹಾಗೆ ಸದ್ದು ಕೇಳಿತಂತೆ. ಕಾಲು ತೆಗೆಯುವಷ್ಟರಲ್ಲಿ ಹಿಮ್ಮಡಿಯ ಪಕ್ಕ ಕಚ್ಚಿತ್ತು. ಮೈದುನ ಓಡಿ ಬಂದು ಲುಂಗಿ ಹರಿದು ಮೊಣಕಾಲ ಕೆಳಗೆ ಬಿಗಿಯಾಗಿ ಕಟ್ಟಿದ. ಹಾಗೆ ಬಿಗಿಯಬಾರದು, ಮುರಿದ ಕೈಕಾಲಿಗೆ ಪಟ್ಟಿ ಕಟ್ಟಿದಂತೆ ಅಲ್ಲಾಡದಂತೆ ಇಟ್ಟುಕೊಂಡು ಕರೆದೊಯ್ಯಬೇಕು ಅಂತ ಆಮೇಲೆ ಗೊತ್ತಾಯಿತು. ನಮ್ಮಲ್ಲಿ ಫೋನ್ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಹಾಗಾಗಿ ಆಂಬುಲೆನ್ಸಿಗೆ ಕಾಯದೆ ನನ್ನ ಓಮ್ನಿಯಲ್ಲೇ ಹೊರಟೆವು.

ಏಳೂ ಕಾಲಕ್ಕೆ ಪ್ರಾಥಮಿಕ ಆರೋಗ್ಯ ಕೇಂದ್ರ ತಲುಪಿದೆವು. ಕಾಲು ಪಾದದಿಂದ ಮೇಲಕ್ಕೆ ಬಾತುಕೊಳ್ಳಲು ಶುರುವಾಗಿತ್ತು. ಸಿಸ್ಟರ್ ಇದ್ದರು, ಡಾಕ್ಟರ್ ಇರಲಿಲ್ಲ. ಹಾವಿನ ವಿಷಕ್ಕೆ ಕೊಡುವ ಔಷಧಿ ಇದೆಯಾ ಅಂತ ಕೇಳಿದೆ. ಪಾಪ, ಆಕೆ ಸುಳ್ಳು ಹೇಳಲಿಲ್ಲ. ಬೀರುವಿನ ಕಡೆ ನೋಡಿ, ‘ಇದೆ ಅಣ್ಣಾ, ಡಾಕ್ಟರ್ ಇಲ್ಲದೆ ನಾನು ಹಾಕೋ ಹಾಗಿಲ್ಲ’ ಅಂದರು. ದೊಡ್ಡಾಸ್ಪತ್ರೆಗೆ ಕಳಿಸುವ ರೆಫರ್ ಚೀಟಿ ಬರೆದುಕೊಟ್ಟರು. ಎಂಟೂವರೆಗೆ ತಾಲೂಕು ಆಸ್ಪತ್ರೆ. ಅಲ್ಲಿ ಡಾಕ್ಟರ್ ಇದ್ದರು. ಕಾಲು ನೋಡಿದರು, ಬಿಪಿ ನೋಡಿದರು, ಒಂದು ಟಿಟಿ ಇಂಜೆಕ್ಷನ್ ಕೊಟ್ಟರು. ‘ಇಲ್ಲಿ ಐಸಿಯು ಇಲ್ಲ, ರಿಸ್ಕ್ ಬೇಡ’ ಅಂದರು. ಇನ್ನೊಂದು ಚೀಟಿ. ದಾರಿಯಲ್ಲಿ ಆಕೆಯ ವಸಡಿನಿಂದ ರಕ್ತ ಬರಲು ಶುರುವಾಯಿತು. ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ‘ಹಲ್ಲು ನೋವೇನೂ ಇಲ್ಲ ಮಾವಯ್ಯ’ ಅಂತ ನನಗೇ ಸಮಾಧಾನ ಹೇಳುತ್ತಿದ್ದಳು. ಜಿಲ್ಲಾ ಕೇಂದ್ರಕ್ಕೆ ಬಂದಾಗ ರಾತ್ರಿ ಹನ್ನೊಂದು. ಮೊದಲು ಹೋದ ಆಸ್ಪತ್ರೆಯಲ್ಲಿ ಬೆಡ್ ಇಲ್ಲ ಅಂದು ಮೂರನೇ ಚೀಟಿ ಕೊಟ್ಟರು. ಎರಡನೆಯ ಕಡೆ ಸೇರಿಸಿಕೊಂಡರು. ಆ ಔಷಧಿಯ ಮೊದಲ ವಯಲ್, ಅಂದರೆ ಪುಟ್ಟ ಸೀಸೆ, ಮೈಗೆ ಹೋದಾಗ ಹನ್ನೊಂದೂವರೆ ದಾಟಿತ್ತು.

ಹೆಚ್ಚೂಕಡಿಮೆ ಐದು ಗಂಟೆ. ಯಾವ ಔಷಧಿಗಾಗಿ ಇಷ್ಟು ದೂರ ಹೋದೆವೋ ಅದು ನಮ್ಮ ಮನೆಯಿಂದ ಅರ್ಧ ಗಂಟೆ ದೂರದ ಬೀರುವಿನಲ್ಲೇ ಇತ್ತು.

ಆ ಕೊನೆಯ ಆಸ್ಪತ್ರೆಯಲ್ಲಿ ನಾನು ನೋಡಿದ ಒಂದು ವಿಷಯ ನಿಮಗೆ ಹೇಳಲೇಬೇಕು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಒಬ್ಬರು ಸ್ವಲ್ಪ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿದರು. ಕಿಟಕಿ ಪಕ್ಕ ನಿಲ್ಲಿಸಿ, ಗಡಿಯಾರ ನೋಡಿ, ‘ಯಾರೂ ಮುಟ್ಟಬೇಡಿ’ ಅಂದರು. ಇಪ್ಪತ್ತು ನಿಮಿಷ ಆದ ಮೇಲೆ ಬಂದು ಒಂದೇ ಸಲ ಓರೆ ಮಾಡಿದರು. ಆರೋಗ್ಯವಂತರ ರಕ್ತ ಅಷ್ಟು ಹೊತ್ತಿಗೆ ಹಲ್ವದ ಹಾಗೆ ಗಟ್ಟಿಯಾಗಿರಬೇಕು. ಅವಳದ್ದು ಮುರುಗಲ ಹಣ್ಣಿನ ಪಾನಕದ ಹಾಗೆ ಸರ್ರನೆ ಹರಿಯಿತು. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ಸುಟ್ಟು ಮುಗಿಸಿರುತ್ತದಂತೆ. ಪರೀಕ್ಷೆ ಇಷ್ಟೇ. ಯಂತ್ರ ಬೇಡ, ಕರೆಂಟ್ ಬೇಡ, ಲ್ಯಾಬ್ ಬೇಡ. ಟ್ಯೂಬ್ ಪ್ಲಾಸ್ಟಿಕ್ ಆಗಿರಬಾರದು, ಸೋಪು ಹಾಕಿ ತೊಳೆದದ್ದಾಗಿರಬಾರದು, ಅಷ್ಟೇ. ಇದನ್ನು ಏಳೂ ಕಾಲಕ್ಕೇ ನಮ್ಮ ಹೋಬಳಿಯಲ್ಲಿ ಮಾಡಬಹುದಿತ್ತು, ಅಲ್ವಾ?

ಆಕೆ ಬದುಕಿದಳು. ಕಿಡ್ನಿ ಕೈಕೊಟ್ಟು ಮೂರು ವಾರ ಡಯಾಲಿಸಿಸ್ ಆಯಿತು. ಆ ವರ್ಷದ ಕೊಯ್ಲು ಹೋಯಿತು, ಸೊಸೈಟಿಯಲ್ಲಿ ಸಾಲ ಆಯಿತು. ಆ ಮೂರು ಚೀಟಿಗಳು ನನ್ನ ಹತ್ತಿರ ಇನ್ನೂ ಇವೆ. ಮೂರರಲ್ಲೂ ‘ಸ್ನೇಕ್ ಬೈಟ್, ರೆಫರ್ಡ್ ಟು ಹೈಯರ್ ಸೆಂಟರ್’ ಅಂತ ಇದೆ. ಕಚ್ಚಿದ ಸಮಯ ಒಂದರಲ್ಲೂ ಇಲ್ಲ.

ಡಾಕ್ಟರುಗಳನ್ನು ಬೈಯುವುದು ಸುಲಭ. ನಾನೂ ಆ ರಾತ್ರಿ ಬೈದೆ. ಆಮೇಲೆ ಗೊತ್ತಿರುವ ನಿವೃತ್ತ ವೈದ್ಯರೊಬ್ಬರ ಹತ್ತಿರ ಕೂತು ಮಾತಾಡಿದಾಗ ಇನ್ನೊಂದು ಮುಖ ಕಂಡಿತು. ಈ ಔಷಧಿ ತಯಾರಾಗುವುದು ಕುದುರೆಯ ರಕ್ತದಿಂದ. ಹಾವಿನ ವಿಷವನ್ನು ಸ್ವಲ್ಪಸ್ವಲ್ಪವೇ ಕುದುರೆಗೆ ಕೊಟ್ಟು, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಬೇರ್ಪಡಿಸುತ್ತಾರೆ. ಆ ವಿಷ ಹೆಚ್ಚಾಗಿ ಬರುವುದು ತಮಿಳುನಾಡಿನ ಇರುಳ ಬುಡಕಟ್ಟಿನವರ ಸಹಕಾರ ಸಂಘದಿಂದ. 1978ರಲ್ಲಿ ಶುರುವಾದ ಸಂಘ ಅದು. ಹಾವು ಹಿಡಿದು, ವಿಷ ತೆಗೆದು, ವಾಪಸ್ ಕಾಡಿಗೆ ಬಿಡುವ ಜನ ಅವರು. ಕುದುರೆಯ ಪ್ರೋಟೀನ್ ಮನುಷ್ಯರ ಮೈಗೆ ಹೋದಾಗ ಕೆಲವರಿಗೆ ಜೋರು ಅಲರ್ಜಿ ಆಗುತ್ತದೆ. ಮೈಯೆಲ್ಲಾ ದದ್ದು, ಬಿಪಿ ಕುಸಿತ, ಉಸಿರುಕಟ್ಟು. ಡಾಕ್ಟರ್ ಹೆದರುವುದು ಇದಕ್ಕೆ. ಆದರೆ ಇದಕ್ಕೂ ಮದ್ದಿದೆ. ಅಡ್ರಿನಲಿನ್ ಸಿರಿಂಜಿನಲ್ಲಿ ತುಂಬಿ ಪಕ್ಕದಲ್ಲಿಟ್ಟುಕೊಂಡೇ ಶುರು ಮಾಡಬೇಕು, ಅಲರ್ಜಿ ಕಂಡ ಕೂಡಲೇ ತೊಡೆಗೆ ಚುಚ್ಚಬೇಕು. ಅದು ದುಬಾರಿ ಔಷಧಿಯೂ ಅಲ್ಲ.

ಇನ್ನೊಂದು ಹೆದರಿಕೆ ನಾವು ಹುಟ್ಟಿಸಿದ್ದು. ಔಷಧಿ ಕೊಟ್ಟ ಮೇಲೆ ರೋಗಿ ಸತ್ತರೆ ‘ಇಂಜೆಕ್ಷನ್ ಕೊಟ್ಟೇ ಕೊಂದರು’ ಅಂತ ಊರಿಗೆ ಊರೇ ಆಸ್ಪತ್ರೆಗೆ ನುಗ್ಗುತ್ತದೆ. ದಾರಿಯಲ್ಲಿ ಸತ್ತರೆ ಯಾರೂ ಕೇಳುವುದಿಲ್ಲ, ಅದು ಹಣೆಬರಹ. ಒಬ್ಬನೇ ರಾತ್ರಿ ಡ್ಯೂಟಿಯಲ್ಲಿರುವ ಡಾಕ್ಟರಿಗೆ ಇವೆರಡರಲ್ಲಿ ಯಾವುದು ಕ್ಷೇಮ ಅಂತ ನೀವೇ ಹೇಳಿ. ಚೀಟಿ ಬರೆದರೆ ಕೈ ತೊಳೆದುಕೊಂಡ ಹಾಗೆ. ಅವರ ಬೆನ್ನಿಗೆ ಯಾರಾದರೂ ನಿಂತರೆ ಮಾತ್ರ ಈ ಲೆಕ್ಕಾಚಾರ ಬದಲಾಗುತ್ತದೆ. ಆ ಯಾರಾದರೂ ನೀವೇ ಆಗಬೇಕು, ಡಾಕ್ಟರ ಮಾತಿಗಿಂತ ನಿಮ್ಮ ಮಾತನ್ನು ಊರು ಜಾಸ್ತಿ ಕೇಳುತ್ತದೆ.

2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. 2020ರ ಸಾಂಕ್ರಾಮಿಕ ರೋಗಗಳ ಕಾಯ್ದೆಯ ಅಡಿಯಲ್ಲಿ. ‘ಹಾವು ಕಚ್ಚಿದ್ದು ಪಕ್ಕದವನಿಗೆ ಅಂಟುತ್ತಾ?’ ಅಂತ ನಮ್ಮೂರ ಚಹಾದಂಗಡಿಯಲ್ಲಿ ನಕ್ಕವರಿದ್ದಾರೆ. ನನಗೆ ಮಾತ್ರ ಅದು ಒಳ್ಳೆಯ ಕೆಲಸ ಅನ್ನಿಸಿತು. ಏಕೆಂದರೆ 2023ರ ಸರ್ಕಾರಿ ಲೆಕ್ಕದಲ್ಲಿ ರಾಜ್ಯದಲ್ಲಿ 6,500ಕ್ಕೂ ಹೆಚ್ಚು ಜನರಿಗೆ ಹಾವು ಕಚ್ಚಿತ್ತು, ಸತ್ತವರು ಬರೀ 19. ಇಡೀ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆ ಅಂತ 2020ರಲ್ಲಿ ಬಂದ ದೊಡ್ಡ ಅಧ್ಯಯನವೊಂದು ಹೇಳಿತ್ತು. ಹಾಗಾದರೆ ಕರ್ನಾಟಕದ ಪಾಲು ಹತ್ತೊಂಬತ್ತೇ? ನಂಬಲು ನಾನೇನು ಪೇಟೆಯವನಲ್ಲ. ಮನೆಯಲ್ಲಿ ಸತ್ತವರು, ನಾಟಿ ಮದ್ದಿನವರ ಜಗಲಿಯಲ್ಲಿ ಸತ್ತವರು, ಕಾರಿನಲ್ಲಿ ಸತ್ತವರು ಈ ಲೆಕ್ಕಕ್ಕೆ ಬಂದೇ ಇಲ್ಲ. 2030ರ ಹೊತ್ತಿಗೆ ಸಾವನ್ನು ಅರ್ಧಕ್ಕೆ ಇಳಿಸುತ್ತೇವೆ ಅಂತ ಕೇಂದ್ರವೂ 2024ರ ಮಾರ್ಚ್‌ನಲ್ಲಿ ಯೋಜನೆ ತಂದಿದೆ. ಎಷ್ಟರ ಅರ್ಧ ಅಂತ ಗೊತ್ತಾಗಲಿಕ್ಕಾದರೂ ಲೆಕ್ಕ ಸರಿಯಾಗಬೇಕು.

ಆದರೆ ಲೆಕ್ಕ ಬರೆಯುವ ಪುಸ್ತಕ ರೋಗಿಯನ್ನು ಉಳಿಸುವುದಿಲ್ಲ. ನಾನು ಕೇಳುವುದು ಇಷ್ಟು. ಇಲಾಖೆಗಳ ಕೆಲಸ ವಿಚಾರಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ತಾಲೂಕು ಆರೋಗ್ಯಾಧಿಕಾರಿಗಳನ್ನು ‘ಔಷಧಿ ಸ್ಟಾಕ್ ಇದೆಯಾ’ ಅಂತ ಕೇಳಬೇಡಿ. ಇದೆ ಅಂತಲೇ ಹೇಳುತ್ತಾರೆ, ನಿಜವಾಗಿಯೂ ಇರುತ್ತದೆ. ‘ಕಳೆದ ಮೂರು ತಿಂಗಳಲ್ಲಿ ಮೊದಲ ಡೋಸ್ ಕೊಟ್ಟು ಕಳಿಸಿದ್ದು ಎಷ್ಟು, ಕೊಡದೆ ಕಳಿಸಿದ್ದು ಎಷ್ಟು’ ಅಂತ ಕೇಳಿ. ಹಾವು ಕಚ್ಚಿದವರಿಗೆಲ್ಲ ಚುಚ್ಚಿ ಅಂತ ನಾನು ಹೇಳುತ್ತಿಲ್ಲ. ಕೇರೆ, ನೀರೊಳ್ಳೆ ಕಚ್ಚಿದವರಿಗೆ ಬೇಡ, ವಿಷದ ಹಾವೂ ಕೆಲವು ಸಲ ವಿಷ ಬಿಡದೆ ಕಚ್ಚುತ್ತದೆ. ವಿಷ ಏರಿದ ಗುರುತು ಕಂಡವರಿಗೆ ಕೊಡಲಿ. ಬಾವು ಏರುತ್ತಿದೆಯಾ, ಟ್ಯೂಬಿನ ರಕ್ತ ಹರಿಯಿತಾ, ರೆಪ್ಪೆ ಜೋತುಬಿದ್ದಿದೆಯಾ ಅಂತ ನೋಡಿ, ಹತ್ತು ವಯಲ್ ಶುರು ಮಾಡಿ ಆಮೇಲೆ ಕಳಿಸಲಿ. ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿ ಹೇಳುವುದೂ ಇದನ್ನೇ. ಪುಡಿ ರೂಪದ ವಯಲ್‌ಗೆ ಫ್ರಿಜ್ಜಿನ ಹಂಗೂ ಇಲ್ಲ, ತಂಪಾದ ಒಣ ಜಾಗ ಸಾಕು. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟ್ ಇಲ್ಲದ ನಮ್ಮಂಥ ಕಡೆಗೆ ಹೇಳಿ ಮಾಡಿಸಿದ್ದು.

ರೆಫರ್ ಚೀಟಿಯಲ್ಲಿ ಎರಡು ಸಾಲು ಅಚ್ಚು ಹಾಕಿಸಿ: ಕಚ್ಚಿದ ಸಮಯ, ಮೊದಲ ವಯಲ್ ಕೊಟ್ಟ ಸಮಯ. ಎರಡನೆಯದು ಖಾಲಿ ಬಿಟ್ಟರೆ ಕಾರಣ ಬರೆಯಬೇಕು. ಖರ್ಚು ಏನೂ ಇಲ್ಲ.

ಮಲೆನಾಡಿನ ಇನ್ನೊಂದು ತೊಡಕೂ ನಿಮ್ಮ ಕಿವಿಗೆ ಬೀಳಲಿ. ಈಗಿರುವ ಔಷಧಿ ನಾಲ್ಕು ಹಾವುಗಳ ವಿಷಕ್ಕೆ ಮಾಡಿದ್ದು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಮ್ಮ ತೋಟದ ತರಗೆಲೆಯಲ್ಲಿ ಮೂತಿ ಮೇಲೆತ್ತಿಕೊಂಡು ಕೂರುವ ಗೇಣುದ್ದದ ಮಂಡಲವೊಂದಿದೆ. ಅದು ಕಚ್ಚಿದರೆ ಈ ಔಷಧಿ ಕೆಲಸ ಮಾಡುವುದಿಲ್ಲ. ವಿಧಾನಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ಇದು, ಕೆಡಿಪಿ ಸಭೆಯದ್ದಲ್ಲ. ಇನ್ನೊಂದು ಪತ್ರ ಬರೆಯುತ್ತೇನೆ.

ಹಾವು ಕಚ್ಚಿ ಸತ್ತ ರೈತರ ಮನೆಯವರಿಗೆ ಕೃಷಿ ಇಲಾಖೆಯಿಂದ 2 ಲಕ್ಷ ಪರಿಹಾರ ಇದೆ. ಅದರ ಚೆಕ್ ಕೊಡಲು ನೀವು ಬರುತ್ತೀರಿ, ಕೂತು ಕಾಫಿ ಕುಡಿದು ಸಮಾಧಾನ ಹೇಳುತ್ತೀರಿ, ಅದು ನಿಮ್ಮ ಒಳ್ಳೆಯತನ. ನಾಗರ ಪಂಚಮಿಗೆ ನಮ್ಮ ನಾಗಬನಕ್ಕೂ ಬಂದಿದ್ದಿರಿ. ಈ ಸಲ ಇನ್ನೊಂದು ಕಡೆ ಬನ್ನಿ. ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ. ಮೊದಲೇ ಫೋನ್ ಮಾಡಿಸಬೇಡಿ, ಹಾರ ತುರಾಯಿ ಬೇಡ. ಬೀರು ತೆಗೆಸಿ ವಯಲ್ ಎಣಿಸಿ, ಅಡ್ರಿನಲಿನ್ ಎಲ್ಲಿದೆ ಕೇಳಿ, ಒಂದು ಗಾಜಿನ ಟ್ಯೂಬ್ ತೋರಿಸಿ ಅನ್ನಿ.

ಹಗಲು ಬರಬೇಡಿ. ರಾತ್ರಿ ಎಂಟರ ಮೇಲೆ ಬನ್ನಿ. ಟಾರ್ಚ್ ಹಿಡಿದುಕೊಂಡು ನಾನು ಗೇಟಿನ ಹತ್ತಿರ ಇರುತ್ತೇನೆ, ಆ ಮೂರು ಚೀಟಿಯೂ ಜೇಬಿನಲ್ಲಿರುತ್ತವೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಅಡಿಕೆ ಬೆಳೆಗಾರ