ಪಾಸ್ ಕೊಟ್ಟವನ ಹೆಸರನ್ನೂ ಹಾಕಿ

ಮಾನ್ಯ ಸಂಪಾದಕರಿಗೆ,

ಈ ಕಾಗದ ಬರೆಯಲು ಕಾರಣ ನನ್ನ ಹೆಂಡತಿ. ನಮ್ಮ ಮಗಳ ಮಗನಿಗೆ ಈಗ ಹದಿಮೂರು. ಆಸ್ಟಿನ್ ಟೌನ್ ಮೈದಾನದಲ್ಲಿ ವಾರಕ್ಕೆ ನಾಲ್ಕು ದಿನ ಬೆಳಿಗ್ಗೆ ಫುಟ್‌ಬಾಲ್ ಕಲಿಯುತ್ತಾನೆ, ಮಿಡ್‌ಫೀಲ್ಡ್‌ನಲ್ಲಿ, ಅಂದರೆ ಮೈದಾನದ ನಡುವೆ, ಆಡುತ್ತಾನೆ. ಪಂದ್ಯ ಮುಗಿಸಿ, ಬೂಟಿನ ಮಣ್ಣನ್ನು ಬಾಗಿಲ ಹೊರಗೆ ಕೊಡವಿ ಒಳಗೆ ಬಂದ ಕೂಡಲೇ ಇವಳು ಕೇಳುವ ಪ್ರಶ್ನೆ ಒಂದೇ: "ಎಷ್ಟ್ ಗೋಲ್ ಹೊಡೆದ್ಯೋ?" ಮೊದಮೊದಲು "ನಾನು ಹೊಡೆಯೋನಲ್ಲ ಅಜ್ಜಿ, ಹೊಡೆಸೋನು" ಎನ್ನುತ್ತಿದ್ದ. ಕಳೆದ ತಿಂಗಳು ಉತ್ತರವನ್ನೇ ಕೊಡದೆ ಬಚ್ಚಲಿಗೆ ಹೋದ. ರಾತ್ರಿ ಊಟಕ್ಕೆ ಕೂತಾಗ, "ತಾತ, ನಾನು ಸ್ಟ್ರೈಕರ್ ಆಗ್ತೀನಿ. ಕೋಚ್‌ಗೆ ನೀವೇ ಹೇಳಿ" ಎಂದ. ಯಾಕಪ್ಪಾ ಎಂದರೆ ನಿಮ್ಮ ಪತ್ರಿಕೆಯನ್ನು ತಂದು ಮುಂದೆ ಹಿಡಿದ. ಶಾಲಾ ತಂಡಗಳ ಪಂದ್ಯದ ನಾಲ್ಕು ಸಾಲಿನ ಸುದ್ದಿ. ಅವನ ಶಾಲೆ 2–1ರಿಂದ ಗೆದ್ದಿತ್ತು. ಎರಡು ಗೋಲು ಹೊಡೆದ ಹುಡುಗನ ಹೆಸರು, ಎಷ್ಟನೇ ನಿಮಿಷ ಎಂಬುದು, ಎದುರಾಳಿಗಳಲ್ಲಿ ಒಂದು ಹೊಡೆದವನ ಹೆಸರು. ಅಷ್ಟೇ. ಮಿಕ್ಕ 20 ಹುಡುಗರು ಅಂದು ಮೈದಾನಕ್ಕೆ ಬಂದೇ ಇರಲಿಲ್ಲವೇನೋ ಎಂಬಂತೆ.

ನಿಮ್ಮನ್ನು ಬೈಯುವುದಕ್ಕೆ ಬರೆಯುತ್ತಿಲ್ಲ. ಅಂಥ ನಾಲ್ಕು ಸಾಲುಗಳನ್ನು ನಾನೇ ಇಪ್ಪತ್ತು ವರ್ಷ ಬರೆದವನು.

ದೂರವಾಣಿ ಇಲಾಖೆಯಲ್ಲಿ ನೌಕರಿ, ಸಂಜೆಯಾದರೆ ಕ್ಲಬ್ಬು. ಬೆಂಗಳೂರು ಲೀಗ್‌ನ ಕೆಳಗಿನ ಡಿವಿಷನ್‌ನಲ್ಲಿ ಏಳುತ್ತ ಬೀಳುತ್ತ ಇದ್ದ ಸಣ್ಣ ಕ್ಲಬ್ಬೊಂದಕ್ಕೆ ನಾನು ಗೌರವ ಕಾರ್ಯದರ್ಶಿ. ಗೌರವ ಅಂದರೆ ಸಂಬಳವಿಲ್ಲ ಎಂದು ಅರ್ಥ. ನಿಂಬೆಹಣ್ಣು, ಐಸು, ಜೆರ್ಸಿ ಒಗೆಸುವ ಖರ್ಚು ನನ್ನ ಜೇಬಿನದೇ. ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಪಂದ್ಯ ಮುಗಿದ ಮೇಲೆ ಅಂದಿನ ಫಲಿತಾಂಶಗಳನ್ನು ಚೀಟಿಯಲ್ಲಿ ಬರೆದು, ಕಾರ್ಬನ್ ಇಟ್ಟು ಪ್ರತಿ ತೆಗೆದು, ಲೂನಾ ಮೊಪೆಡ್‌ನಲ್ಲಿ ಪತ್ರಿಕಾ ಕಚೇರಿಗಳಿಗೆ ಮುಟ್ಟಿಸುವ ಕೆಲಸವೂ ಹೇಗೋ ನನ್ನ ತಲೆಗೇ ಬಂದಿತ್ತು. ಒಮ್ಮೆ ಹುರುಪಿನಲ್ಲಿ ಎರಡೂ ತಂಡಗಳ ಹನ್ನೊಂದು ಹನ್ನೊಂದು ಹೆಸರು ಬರೆದುಕೊಂಡು ಹೋದೆ. ಕ್ರೀಡಾ ವಿಭಾಗದ ಹಿರಿಯರೊಬ್ಬರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, "ಸ್ವಾಮಿ, ಇದೇನು ಲಗ್ನಪತ್ರಿಕೇನಾ? ಗೋಲ್ ಹೊಡೆದೋರ ಹೆಸರಿದ್ರೆ ಸಾಕು" ಎಂದರು. ಅವರು ಕೆಟ್ಟವರಲ್ಲ. ಅವರಿಗೆ ಸಿಗುತ್ತಿದ್ದ ಜಾಗವೇ ಅಷ್ಟು. ಮರುದಿನದಿಂದ ನಾನೂ ಅಷ್ಟನ್ನೇ ಬರೆದೆ. ಕೈಗೂ ಸುಲಭವಾಯಿತು ಅನ್ನಿ.

ಅದರ ಬೆಲೆ ನನಗೆ ಗೊತ್ತಾದದ್ದು 2020ರ ಅಕ್ಟೋಬರ್ 12ರಂದು. ಭಾರತ ಫುಟ್‌ಬಾಲ್ ತಂಡದ ಹಳೆಯ ನಾಯಕ, ಮಿಡ್‌ಫೀಲ್ಡರ್ ಕಾರ್ಲ್‌ಟನ್ ಚಾಪ್‌ಮನ್ ತೀರಿಕೊಂಡ ಸುದ್ದಿ ಬಂತು. ಹೃದಯಾಘಾತ, ಬರೀ 49 ವರ್ಷ. ಕೊರೊನಾ ಕಾಲ, ವಯಸ್ಸಾದವರು ಹೊಸ್ತಿಲು ದಾಟಬಾರದು ಎಂದು ಮಗಳ ಕಟ್ಟಪ್ಪಣೆ. ಮಾಡಲು ಬೇರೆ ಏನೂ ತೋಚದೆ ಅಟ್ಟದ ಮೇಲಿದ್ದ ಟ್ರಂಕು ಇಳಿಸಿ ಹಳೆಯ ಕಾರ್ಬನ್ ಪ್ರತಿಗಳನ್ನು ಹರಡಿಕೊಂಡು ಕೂತೆ. ಬೆಂಗಳೂರಿನ ಹುಡುಗ, ಜಮ್ಶೆಡ್‌ಪುರದ ಟಾಟಾ ಫುಟ್‌ಬಾಲ್ ಅಕಾಡೆಮಿಗೆ ಹೋಗುವ ಮುಂಚೆ ಇಲ್ಲಿ ಸದರ್ನ್ ಬ್ಲೂಸ್ ಕ್ಲಬ್ಬಿಗೆ ಆಡಿದವರು. ಆ ವರ್ಷಗಳಲ್ಲಿ ನಾನು ಕ್ರೀಡಾಂಗಣಕ್ಕೆ ಹೋಗದ ಸಂಜೆಯೇ ಕಡಿಮೆ. ಹಾಗಾದರೆ ನೋಡಿರಲೇಬೇಕಲ್ಲ? ಚೀಟಿಗಳನ್ನು ಒಂದೊಂದಾಗಿ ಮಗುಚಿದೆ. ಸ್ಕೋರ್ ಇದೆ, ಗೋಲು ಹೊಡೆದವರ ಹೆಸರಿದೆ, ನಿಮಿಷ ಇದೆ, ಮಳೆ ಬಂದು ಪಂದ್ಯ ನಿಂತದ್ದೂ ಇದೆ. ಆ ಹುಡುಗನ ಹೆಸರು ಎಲ್ಲಿಯೂ ಸಿಗಲಿಲ್ಲ. ಆಡಿರಲಿಲ್ಲ ಎಂದೋ, ನಾನು ಬರೆದಿರಲಿಲ್ಲ ಎಂದೋ? "ಚಾಪ್‌ಮನ್ ಆಟವನ್ನು ಎಳೆತನದಿಂದ ಬಲ್ಲೆ" ಎಂದು ಈಗ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಆಸೆಯೇನೋ ಇದೆ. ನನ್ನ ಕೈಬರಹವೇ ಸಾಕ್ಷಿ ಹೇಳದಿದ್ದ ಮೇಲೆ ಯಾವ ಬಾಯಲ್ಲಿ ಹೇಳಲಿ?

ಅವರ ವೃತ್ತಿಜೀವನದ ಮಿಕ್ಕ ಕಥೆ ಎಲ್ಲರಿಗೂ ಗೊತ್ತಿರುವುದೇ, ಅಥವಾ ಗೊತ್ತಿರಬೇಕಾದದ್ದು. 1993ರಲ್ಲಿ ಕಲ್ಕತ್ತದ ಈಸ್ಟ್ ಬೆಂಗಾಲ್. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡದ ಮೇಲೆ ಈಸ್ಟ್ ಬೆಂಗಾಲ್ 6–2ರಿಂದ ಗೆದ್ದಿತು. ಆ ಆರರಲ್ಲಿ ಮೂರು ಚಾಪ್‌ಮನ್ ಅವರದು. ಬಾಗ್ದಾದಿನ ಕ್ಲಬ್ಬಿನ ಮೇಲೆ ಭಾರತದ ಕ್ಲಬ್ಬೊಂದು ಆರು ಗೋಲು ಹೊಡೆಯುವುದೆಂದರೆ ಅಂದೂ ಇಂದೂ ಹುಡುಗಾಟವಲ್ಲ.

ಈಗ ನೋಡಿ, ಅವರು ತೀರಿಕೊಂಡಾಗ ನಾನು ಓದಿದ ಸುದ್ದಿಗಳಲ್ಲೆಲ್ಲ ಈ ಹ್ಯಾಟ್ರಿಕ್ ಇತ್ತು. ಬೇಡವೆಂದಲ್ಲ, ಇರಲಿ. ಆದರೆ ಹತ್ತು ವರ್ಷ ಮೈದಾನದ ನಡುವೆ ಉತ್ತವನನ್ನು ನಾವು ನೆನೆಯುವುದು ಅವನು ಫಾರ್ವರ್ಡ್‌ನ ಕೆಲಸ ಮಾಡಿದ ಒಂದು ದಿನಕ್ಕಾಗಿ. ಮದುವೆಮನೆಯಲ್ಲಿ ಪಂಕ್ತಿಯ ತುದಿಗೆ ನಿಂತು, ಯಾವ ಎಲೆಗೆ ಅನ್ನ ಬೇಕು, ಯಾವ ಸಾಲಿಗೆ ಸಾರು ಬಂದಿಲ್ಲ ಎಂದು ಕಣ್ಣಲ್ಲೇ ಅಳೆದು ಬಡಿಸುವವರನ್ನು ಕಳಿಸುತ್ತಾನಲ್ಲ, ಆ ಉಸ್ತುವಾರಿಯವನನ್ನು "ಅವತ್ತು ಒಂದು ಸಲ ಹೋಳಿಗೆ ಬಡಿಸಿದ್ದ" ಎಂದು ಮಾತ್ರ ನೆನೆದ ಹಾಗೆ.

1995ರಲ್ಲಿ ಪಂಜಾಬಿನ ಫಗ್ವಾರಾದ ಜೆಸಿಟಿ. ಮುಂದೆ ಐ.ಎಂ. ವಿಜಯನ್ ಮತ್ತು ಬೈಚುಂಗ್ ಭುಟಿಯಾ, ಹಿಂದೆ ನಡುವಿನಲ್ಲಿ ನಮ್ಮ ಚಾಪ್‌ಮನ್. ದೇಶದ ಮೊಟ್ಟಮೊದಲ ರಾಷ್ಟ್ರೀಯ ಫುಟ್‌ಬಾಲ್ ಲೀಗ್ 1996–97ರಲ್ಲಿ ನಡೆದಾಗ ಗೆದ್ದದ್ದು ಈ ಜೆಸಿಟಿಯೇ. ಆ ಲೀಗ್‌ನಲ್ಲಿ ಭುಟಿಯಾ 14 ಗೋಲು ಹೊಡೆದು ಎಲ್ಲರಿಗಿಂತ ಮುಂದಿದ್ದರು. ಆ ಲೆಕ್ಕ ಇಂದು ಮೊಮ್ಮಗನ ಮೊಬೈಲಿನಲ್ಲಿ ಅರ್ಧ ನಿಮಿಷದಲ್ಲಿ ಸಿಕ್ಕಿತು. ಆ ಹದಿನಾಲ್ಕರಲ್ಲಿ ಚಾಪ್‌ಮನ್ ಕಾಲಿನಿಂದ ಹೊರಟು ಬಂದವು ಎಷ್ಟು? ಒಂದು ಇಡೀ ಮಧ್ಯಾಹ್ನ ಇಬ್ಬರೂ ಹುಡುಕಿದೆವು. ನಮಗೆ ಸಿಗಲಿಲ್ಲ. ಫಗ್ವಾರಾದಲ್ಲೂ ನನ್ನಂಥ ಒಬ್ಬ ಲೂನಾದವನು ಇದ್ದಿರಬೇಕು.

1997ರಲ್ಲಿ ಎಫ್‌ಸಿ ಕೊಚ್ಚಿನ್. ಆಟಗಾರರಿಗೆ ಕಂಪನಿ ನೌಕರಿಯಲ್ಲ, ಆಟಕ್ಕೇ ಸಂಬಳ ಎಂದು ದೊಡ್ಡದಾಗಿ ಶುರುವಾದ ಕ್ಲಬ್ಬು. ಮೊದಲ ವರ್ಷವೇ ಡ್ಯುರಾಂಡ್ ಕಪ್ ಗೆದ್ದಿತು. ಅಲ್ಲಿ ಒಂದು ಋತು. 1998ರಲ್ಲಿ ಮರಳಿ ಈಸ್ಟ್ ಬೆಂಗಾಲ್. 2000–01ರಲ್ಲಿ ಆ ಕ್ಲಬ್ಬು ಮೊದಲ ಬಾರಿಗೆ ರಾಷ್ಟ್ರೀಯ ಲೀಗ್ ಗೆದ್ದಾಗ ನಾಯಕರಾಗಿದ್ದವರು ಇವರೇ. ಅದೇ 2001ರಲ್ಲಿ ವೃತ್ತಿಪರ ಆಟದಿಂದ ನಿವೃತ್ತಿ. ಭಾರತ ತಂಡಕ್ಕೂ ಆಡಿದರು, ಕೆಲಕಾಲ ನಾಯಕರೂ ಆಗಿದ್ದರು. ರಾಜ್ಯ ತಂಡಗಳ ಸಂತೋಷ್ ಟ್ರೋಫಿಯಲ್ಲಿ ಕರ್ನಾಟಕ, ಪಂಜಾಬ್, ಬಂಗಾಳ ಮೂರಕ್ಕೂ ಆಡಿದವರು. ಆಟ ಬಿಟ್ಟ ಮೇಲೆ ಟಾಟಾ ಅಕಾಡೆಮಿಯಲ್ಲಿ, ಶಿಲ್ಲಾಂಗಿನ ರಾಯಲ್ ವಾಹಿಂಗ್ಡೋದಲ್ಲಿ ತರಬೇತುದಾರರು, ಕಲ್ಲಿಕೋಟೆಯ ಕ್ವಾರ್ಟ್ಜ್‌ನಲ್ಲಿ ತಾಂತ್ರಿಕ ನಿರ್ದೇಶಕರು.

ಊರುಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ. ಜಮ್ಶೆಡ್‌ಪುರ, ಕಲ್ಕತ್ತ, ಫಗ್ವಾರಾ, ಕೊಚ್ಚಿ, ಮತ್ತೆ ಕಲ್ಕತ್ತ. ಒಳ್ಳೆಯ ವಯಸ್ಸೆಲ್ಲ ಪರಊರಿನಲ್ಲೇ ಕಳೆಯಿತು. ಬೆಂಗಳೂರಿನಲ್ಲಿ ಅಂದು ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ತಂಡಗಳಿದ್ದವು. ಎಂಟು ಗಂಟೆಯ ನೌಕರಿ, ಪಿಂಚಣಿ, ಕ್ಯಾಂಟೀನ್ ಊಟ. ಎಷ್ಟೋ ಮನೆಗಳು ಆ ಚೆಂಡಿನಿಂದ ಉದ್ಧಾರವಾದವು. ಆದರೆ ಬರೀ ಚೆಂಡಿನ ಮೇಲೆ ಬದುಕುತ್ತೇನೆ ಎನ್ನುವವನು ರೈಲು ಹತ್ತಲೇಬೇಕಿತ್ತು. ಬೆಂಗಳೂರು ಎಫ್‌ಸಿ ಹುಟ್ಟಿದ್ದು 2013ರಲ್ಲಿ, ಚಾಪ್‌ಮನ್ ಬೂಟು ಬಿಚ್ಚಿಟ್ಟು ಹನ್ನೆರಡು ವರ್ಷಗಳಾದ ಮೇಲೆ. ಕಂಠೀರವದಲ್ಲಿ ನೀಲಿ ಅಂಗಿಯ ಸಾವಿರಾರು ಹುಡುಗರು ಕೂಗುವುದನ್ನು ಕೇಳುವಾಗಲೆಲ್ಲ, ಇದು ಇಪ್ಪತ್ತು ವರ್ಷ ಮೊದಲೇ ಆಗಿದ್ದರೆ ಎಂದು ನನಗೆ ಅನ್ನಿಸದೇ ಇರುವುದಿಲ್ಲ.

ಇನ್ನೂ ಒಂದು ಸಂಗತಿ. ಜೆಸಿಟಿ 2011ರಲ್ಲಿ ಬಾಗಿಲು ಹಾಕಿತು. ಎಫ್‌ಸಿ ಕೊಚ್ಚಿನ್ ಅದಕ್ಕೂ ಮೊದಲೇ ಹೋಗಿತ್ತು. ಅವರು ಆಡಿದ ಆ ಮೂರು ದೊಡ್ಡ ಕ್ಲಬ್ಬುಗಳಲ್ಲಿ ಈಗ ಉಸಿರಾಡುತ್ತಿರುವುದು ಈಸ್ಟ್ ಬೆಂಗಾಲ್ ಒಂದೇ. ಕ್ಲಬ್ಬು ಹೋದರೆ ಅದರ ಬೀರು, ಬೀರುವಿನ ಒಳಗಿನ ಪುಸ್ತಕ, ಗೋಡೆಯ ಫೋಟೊ ಎಲ್ಲ ಹೋದ ಹಾಗೆ. ಉಳಿಯುವುದು ಗ್ರಂಥಾಲಯದಲ್ಲಿ ಕಟ್ಟಿಟ್ಟ ಪತ್ರಿಕೆಗಳು ಮಾತ್ರ. ಅವುಗಳಲ್ಲಿ ಇರುವುದು ನನ್ನಂಥವರು ಬರೆದುಕೊಟ್ಟ ಚೀಟಿಯಷ್ಟೇ.

ಇದು ಚಾಪ್‌ಮನ್ ಒಬ್ಬರ ಪಾಡಲ್ಲ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಭಾರತ ನಾಲ್ಕನೇ ಸ್ಥಾನಕ್ಕೆ ಬಂತು. ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದ ಪಂದ್ಯದಲ್ಲಿ ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು ಎಂದು ಆಟದ ಗಂಧವಿರುವ ಯಾರಾದರೂ ಹೇಳುತ್ತಾರೆ. ಆ ಒಲಿಂಪಿಕ್ಸ್ ತಂಡದಲ್ಲಿ ಹಾಫ್ ಬ್ಯಾಕ್ (ಇಂದಿನ ಮಾತಿನಲ್ಲಿ ಮಿಡ್‌ಫೀಲ್ಡರ್) ಆಗಿದ್ದ ಕೆಂಪಯ್ಯ ನಮ್ಮ ಬೆಂಗಳೂರಿನವರು, 1960ರಲ್ಲಿ ರೋಮ್‌ಗೂ ಹೋಗಿಬಂದವರು. ಇಂದು ಈ ಊರಿನಲ್ಲಿ ಎಷ್ಟು ಜನ ಅವರ ಹೆಸರು ಹೇಳಬಲ್ಲರು? ಅಷ್ಟು ಹಿಂದಕ್ಕೇಕೆ, 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಕರ್ನಾಟಕ ತಂಡ ಮೇಘಾಲಯವನ್ನು 3–2ರಿಂದ ಸೋಲಿಸಿ 54 ವರ್ಷಗಳ ನಂತರ ಸಂತೋಷ್ ಟ್ರೋಫಿ ತಂದಿತು. ಅಂದು ರಾತ್ರಿ ನಾನು ಕಣ್ಣೀರು ಹಾಕಿದೆ. ಆದರೂ ಆ ತಂಡದ ಮಿಡ್‌ಫೀಲ್ಡರ್‌ಗಳನ್ನು ಹೆಸರಿಸು ಎಂದರೆ ತಡವರಿಸುತ್ತೇನೆ.

ಕ್ರಿಕೆಟ್‌ನವರು ಈ ವಿಷಯದಲ್ಲಿ ಧರ್ಮಾತ್ಮರು. ಸೊನ್ನೆಗೆ ಔಟಾದವನ ಹೆಸರೂ ಅಚ್ಚಾಗುತ್ತದೆ. ಅವನ ಕ್ಯಾಚ್ ಹಿಡಿದವನ ಹೆಸರೂ, ಬೌಲ್ ಮಾಡಿದವನ ಹೆಸರೂ ಪಕ್ಕದಲ್ಲೇ ಇರುತ್ತದೆ. ಬ್ಯಾಟು ಹಿಡಿದೇ ಇಲ್ಲದ ಹನ್ನೊಂದನೆಯವನಿಗೂ ಒಂದು ಜಾಗವಿದೆ. ಫುಟ್‌ಬಾಲ್‌ನಲ್ಲಿ ತೊಂಬತ್ತು ನಿಮಿಷ ಕೆಸರಿನಲ್ಲಿ ಓಡಿದವನಿಗೆ ಇಲ್ಲ.

ಈಗ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಪಂದ್ಯಗಳಲ್ಲಿ ಅಸಿಸ್ಟ್ ಲೆಕ್ಕ, ಪಾಸ್ ಲೆಕ್ಕ ಎಲ್ಲ ಟಿ.ವಿ. ತೆರೆಯ ಮೇಲೆ ಬರುತ್ತದೆ. ಸಂತೋಷ. ಬೆಂಗಳೂರು ಎಫ್‌ಸಿಗೆ ಆಡುತ್ತಿದ್ದ ಮಿಡ್‌ಫೀಲ್ಡರ್ ಯೂಜಿನ್‌ಸನ್ ಲಿಂಗ್ಡೊ ಅವರಿಗೆ 2015ರಲ್ಲಿ ದೇಶದ ವರ್ಷದ ಆಟಗಾರ ಪ್ರಶಸ್ತಿ ಬಂದಾಗ ನಾನು ಇಡೀ ಬೀದಿಗೆ ಮೈಸೂರುಪಾಕು ಹಂಚಿದ್ದೆ. (ಅಂಗಡಿಯವನು ಮನೆಯಲ್ಲಿ ಏನು ವಿಶೇಷ ಎಂದು ಕೇಳಿದ, ಏನು ಹೇಳಲಿ?) ಆದರೆ ಆ ಲೆಕ್ಕವೂ ಪೂರ್ತಿ ಅಲ್ಲ. ಗೋಲಿನ ಹಿಂದಿನ ಪಾಸ್ ಮಾತ್ರ ಅಸಿಸ್ಟ್. ಅದರ ಹಿಂದಿನ ಪಾಸ್? ಚೆಂಡು ತನ್ನ ಕಾಲಿಗೆ ಬರುವ ಮುಂಚೆಯೇ ಎರಡು ಸಲ ಹೆಗಲ ಮೇಲಿಂದ ಹಿಂದೆ ನೋಡಿಕೊಳ್ಳುವುದು? ಡಿಫೆಂಡರ್ ಮುಂದೆ ನುಗ್ಗಿದಾಗ ಅವನ ಖಾಲಿ ಜಾಗಕ್ಕೆ ಓಡಿ ನಿಲ್ಲುವುದು, ಚೆಂಡು ಆ ಕಡೆ ಬರದೇ ಹೋಗುವುದು? ಅದಕ್ಕೆಲ್ಲ ಲೆಕ್ಕ ಇಡು ಎಂದು ಪತ್ರಿಕೆಯನ್ನು ಕೇಳುವಷ್ಟು ಹುಚ್ಚು ನನಗಿಲ್ಲ.

ನಾನು ಕೇಳುವುದು ಇಷ್ಟೇ. ಶಾಲಾ ಪಂದ್ಯ, ಲೀಗ್ ಪಂದ್ಯಗಳ ಸಂಕ್ಷಿಪ್ತ ಸುದ್ದಿಯಲ್ಲಿ ಗೋಲು ಹೊಡೆದವನ ಹೆಸರಿನ ಪಕ್ಕದಲ್ಲಿ ಪಾಸ್ ಕೊಟ್ಟವನ ಹೆಸರನ್ನೂ ಹಾಕಿ. ಫೈನಲ್ ಇದ್ದ ದಿನವಾದರೂ ಹನ್ನೊಂದು ಹೆಸರು ಅಚ್ಚಾಗಲಿ, ಸಣ್ಣ ಅಕ್ಷರದಲ್ಲಿಯೇ ಆಗಲಿ. ಅಜ್ಜಿಯರು ಭೂತಗನ್ನಡಿ ಇಟ್ಟುಕೊಂಡು ಓದುತ್ತಾರೆ. ಹೆಸರು ತಂದುಕೊಡುವವರು ಯಾರು ಎಂದು ನೀವು ಕೇಳಬಹುದು. ಭಾನುವಾರಗಳಲ್ಲಿ ಆಸ್ಟಿನ್ ಟೌನ್ ಮೈದಾನದ ಗೋಡೆಯ ಪಕ್ಕ ಮಡಚುವ ಕುರ್ಚಿ ಹಾಕಿಕೊಂಡು ನಾನು ಹೇಗೂ ಕೂತಿರುತ್ತೇನೆ. ಲೂನಾ ಗುಜರಿಗೆ ಹೋಯಿತು. ಮೊಮ್ಮಗ ವಾಟ್ಸ್‌ಆ್ಯಪ್ ಮಾಡುವುದನ್ನು ಕಲಿಸಿದ್ದಾನೆ.

ಕಳೆದ ಭಾನುವಾರದ ಪಂದ್ಯದ ಚೀಟಿಯನ್ನು ಈ ಕಾಗದದ ಜೊತೆ ಲಗತ್ತಿಸಿದ್ದೇನೆ. ಸ್ಕೋರ್ 1–0, ಗೋಲು 37ನೇ ನಿಮಿಷ. ಹೊಡೆದವನ ಹೆಸರು ಮೊದಲಿದೆ, ಪಾಸ್ ಕೊಟ್ಟವನದು ಅದರ ಕೆಳಗೆ. ಜಾಗ ಸಾಲದಿದ್ದರೆ ನಿಮಿಷ ತೆಗೆಯಿರಿ, ಹೆಸರು ತೆಗೆಯಬೇಡಿ. ಸ್ವಂತದವನಿಗಾಗಿ ಇಷ್ಟೆಲ್ಲ ಬರೆದ ಎಂದುಕೊಳ್ಳಬಾರದು ಎಂದು ಒಂದು ಮಾತು: ಆ ಪಾಸ್ ಕೊಟ್ಟವನು ನನ್ನ ಮೊಮ್ಮಗನಲ್ಲ. ಅವನಿಗೆ ಅಂದು ಜ್ವರ, ಮನೆಯಲ್ಲಿ ಅಜ್ಜಿಯ ಕೈಯಿಂದ ಗಂಜಿ ಕುಡಿಯುತ್ತ ಮಲಗಿದ್ದ.

ಇತಿ,
ಹಳೆಯ ಕ್ಲಬ್ ಕಾರ್ಯದರ್ಶಿ,
ವಿವೇಕನಗರ, ಬೆಂಗಳೂರು