ನೋಟಿಸು ಓದಿದವರಿಗೆ ಅರ್ಥವಾಗಲಿ

ಮಾನ್ಯ ಸಂಪಾದಕರೇ,

ಜಗಳೂರಿನಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಕೈಯಲ್ಲಿ ನೋಟಿಸು ಹಿಡಿದು ಬಂದು, "ಅಣ್ಣಾ, ಇದ್ರಾಗ ಏನ್ ಬರ್ದೈತಿ, ಸ್ವಲ್ಪ ಹೇಳು" ಎನ್ನುವವರೇ ಇಲ್ಲಿ ಜಾಸ್ತಿ. ಅವರಿಗೆ ಓದಲು ಬರುವುದಿಲ್ಲ ಅಂತಲ್ಲ. ದಿನಾ ನಿಮ್ಮ ಪತ್ರಿಕೆ ಓದುವವರೂ ಅವರಲ್ಲಿದ್ದಾರೆ. ನೋಟಿಸು ಮಾತ್ರ ಎರಡೆರಡು ಸಲ ಓದಿದರೂ ತಲೆಗೆ ಹೋಗುವುದಿಲ್ಲ.

ಮೊನ್ನೆ ಮೆಕ್ಕೆಜೋಳ ಬೆಳೆಯುವ ರೈತರೊಬ್ಬರು ಬೆಳೆ ವಿಮೆಯ ನೋಟಿಸು ತಂದಿದ್ದರು. ಸಾಲು ಹೀಗಿತ್ತು: "ಸದರಿ ಯೋಜನೆಯಡಿ ಈಗಾಗಲೇ ಅರ್ಜಿ ಸಲ್ಲಿಸಿ ಪರಿಶೀಲನೆ ಬಾಕಿ ಇರುವ ಫಲಾನುಭವಿಗಳು ಅಗತ್ಯ ದಾಖಲೆಗಳನ್ನು ನಿಗದಿತ ದಿನಾಂಕದೊಳಗೆ ಹಾಜರುಪಡಿಸತಕ್ಕದ್ದು, ತಪ್ಪಿದಲ್ಲಿ ಅರ್ಜಿಯನ್ನು ತಿರಸ್ಕರಿಸಲಾಗುವುದು."

ಯಾವ ದಾಖಲೆ? ಯಾವ ದಿನಾಂಕ? ಯಾರ ಹತ್ತಿರ ಕೊಡಬೇಕು? ಒಂದೂ ಇಲ್ಲ. ಇಷ್ಟನ್ನು ಕೇಳಿ ತಿಳಿಯಲು ಅವರು ಹೊಲದ ಕೆಲಸ ಬಿಟ್ಟು, ಬಸ್ ಚಾರ್ಜು ಕೊಟ್ಟು ಬಂದಿದ್ದರು.

ಅದನ್ನೇ ಹೀಗೆ ಬರೆಯಬಹುದಿತ್ತು, ಅಲ್ವಾ: "ಬೆಳೆ ವಿಮೆಗೆ ಅರ್ಜಿ ಹಾಕಿದವರು ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ತನ್ನಿ. ಇದೇ 20ರ ಸಂಜೆ 5 ಗಂಟೆಯೊಳಗೆ ನಮ್ಮ ಕಚೇರಿಯಲ್ಲಿ ಕೊಡಿ. ಕೊಡದಿದ್ದರೆ ನಿಮ್ಮ ಅರ್ಜಿ ರದ್ದಾಗುತ್ತದೆ."

ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ಬರುವುದೇ ಕೊನೆಗೆ. ಸಾಲು ಉದ್ದವಾದಷ್ಟೂ ಏನು ಮಾಡಬೇಕು ಅನ್ನುವುದು ಹಿಂದೆ ಬೀಳುತ್ತದೆ. ಅಲ್ಲಿಗೆ ತಲುಪುವಷ್ಟರಲ್ಲಿ ಯಾರು ಮಾಡಬೇಕು ಅನ್ನುವುದು ಮರೆತಿರುತ್ತದೆ. ಅದಕ್ಕೇ ಸಾಲು ಮುರಿದು ಬರೆಯಬೇಕು. ಇನ್ನು "ಕ್ರಮ ಕೈಗೊಳ್ಳಲಾಗುವುದು" ಅಂತ ಮುಗಿಸಿಬಿಡುತ್ತಾರೆ. ಯಾರು, ಯಾವಾಗ ಅಂತ ಬರೆಯದಿದ್ದರೆ ಜನ ಹೋಗಿ ಯಾರನ್ನು ಕೇಳಬೇಕು? ಪಹಣಿ, ಖಾತೆಯಂಥ ಕಚೇರಿ ಮಾತು ಬೇಡ ಎನ್ನುತ್ತಿಲ್ಲ. ಅವು ಹಳ್ಳಿಯಲ್ಲಿ ಎಲ್ಲರ ಬಾಯಲ್ಲೂ ಇವೆ.

ಕನ್ನಡವನ್ನು ರಾಜ್ಯದ ಆಡಳಿತ ಭಾಷೆ ಮಾಡಿದ ಕಾಯ್ದೆ ಬಂದದ್ದು 1963ರಲ್ಲಿ. ಇಷ್ಟು ವರ್ಷ ಆದ ಮೇಲೂ ಕನ್ನಡದ ನೋಟಿಸನ್ನು ಕನ್ನಡದವರಿಗೇ ಬಿಡಿಸಿ ಹೇಳಬೇಕಾಗಿ ಬರುವುದು ನೋವಿನ ಸಂಗತಿ.

ಜಿಲ್ಲೆಯ ಅಧಿಕಾರಿಗಳಲ್ಲಿ ನನ್ನದೊಂದು ಮನವಿ. ನೋಟಿಸಿಗೆ ಸಹಿ ಹಾಕುವ ಮೊದಲು, ಕಚೇರಿ ಮುಂದೆ ಕಾಯುತ್ತಿರುವ ರೈತರೊಬ್ಬರ ಕೈಗೆ ಅದನ್ನು ಕೊಟ್ಟು ಓದಿಸಿ. ಅವರು ಏನೇನು ಕೇಳುತ್ತಾರೋ ಅದರ ಉತ್ತರ ನೋಟಿಸಿನಲ್ಲೇ ಇರಲಿ. ಕೆಳಗೆ ಫೋನ್ ನಂಬರ್ ಹಾಕಿ. ಆ ಫೋನ್ ಎತ್ತಿ ಮಾತಾಡಲು ಒಬ್ಬರನ್ನು ನೇಮಿಸಿ.

ಇಂತಿ,
ಒಬ್ಬ ಓದುಗ,
ಜಗಳೂರು, ದಾವಣಗೆರೆ ಜಿಲ್ಲೆ