ಆರು ತಿಂಗಳ ಯೂರಿನ್ ಟೆಸ್ಟ್ ಮುಗೀತು, ಎಲ್ರಿಗೂ ಥ್ಯಾಂಕ್ಸ್

ಕಾಲಲ್ಲಿ ಚುಕ್ಕೆಯಾಗಿ ಶುರುವಾದ ರಕ್ತನಾಳದ ಕಾಯಿಲೆ ಕಿಡ್ನಿಗೂ ತಗುಲಿದ್ಯಾ ಅಂತ ನೋಡೋ ಟೆಸ್ಟ್ ಇದು. ನಿನ್ನೆ ಕೊನೇ ರಿಪೋರ್ಟ್ ಬಂತು, ಮೂತ್ರದಲ್ಲಿ ಪ್ರೋಟೀನ್ ಇಲ್ಲ, ರಕ್ತ ಇಲ್ಲ, ಕಿಡ್ನಿ ಹೇಗಿದೆ ಅಂತ ರಕ್ತದಲ್ಲಿ ನೋಡೋ ಕ್ರಿಯಾಟಿನಿನ್ 0.9, ಅಂದ್ರೆ ನಾರ್ಮಲ್. ಪ್ರತಿ ಸಲ ಆ ಸಣ್ಣ ಡಬ್ಬಿ ಹಿಡ್ಕೊಂಡು ಲ್ಯಾಬ್ ಮುಂದೆ ನಿಂತಾಗ ಎದೆ ಡವಡವ ಅಂತಿತ್ತು, ಸದ್ಯಕ್ಕೆ ಆ ಕಾಟ ತಪ್ಪಿತು.

ಗೊತ್ತಿಲ್ದೋರಿಗೆ ಹೇಳ್ತೀನಿ. ನಾನು ಸೀರೆ ಅಂಗಡೀಲಿ ಸೇಲ್ಸ್‌ಮನ್, ದಿನಕ್ಕೆ ಹತ್ತು ಗಂಟೆ ನಿಂತೇ ಇರ್ಬೇಕು. ಹಲ್ಲುನೋವು ಅಂತ ಮನೇಲಿ ಉಳಿದಿದ್ದ ಅಮಾಕ್ಸಿಸಿಲಿನ್ ಅನ್ನೋ ಆಂಟಿಬಯೋಟಿಕ್ ಮಾತ್ರೆ ಡಾಕ್ಟ್ರನ್ನ ಕೇಳದೆ ನಾನೇ ನುಂಗಿದ್ದೆ (ಬೈಬೇಡಿ, ಮನೇಲಿ ಆಗ್ಲೇ ಸಾಕಷ್ಟು ಬೈಸ್ಕೊಂಡಿದೀನಿ). ಹತ್ತು ದಿನ ಆದ್ಮೇಲೆ ಒಂದು ರಾತ್ರಿ ಸಾಕ್ಸ್ ಬಿಚ್ಚಿದ್ರೆ ಪಾದದಿಂದ ಮೊಣಕಾಲ ತನಕ ನೇರಳೆಹಣ್ಣಿನ ರಸ ಚಿಮುಕಿಸಿದ ಹಾಗೆ ಚುಕ್ಕೆಗಳು, ಕೈಯಾಡಿಸಿದ್ರೆ ರವೆ ಥರ ಸಿಗ್ತಿತ್ತು. ಒಬ್ರು ಸೊಳ್ಳೆ ಅಂದ್ರು, ಒಬ್ರು ಪಿತ್ತದ ಗಂಧೆ ಅಂದ್ರು, ನಮ್ಮತ್ತೆ ಅಂತೂ ಸರ್ಪಸುತ್ತು ಅಂತ ಕೆಮ್ಮಣ್ಣು ಹಚ್ಚಿಸೋಕೆ ಕರ್ಕೊಂಡೇ ಹೋದ್ರು.

ಮೊದಲ ಥ್ಯಾಂಕ್ಸ್ ಮೆಡಿಕಲ್ ಶಾಪ್ ಅಣ್ಣಂಗೆ. ಮುಲಾಮು ಕೇಳೋಕೆ ಹೋದ್ರೆ ಪ್ಯಾಂಟ್ ಮಡಚಿಸಿ, ನೀರು ಕುಡಿಯೋ ಗಾಜಿನ ಲೋಟ ತಂದು ಚುಕ್ಕೆ ಮೇಲೆ ಒತ್ತಿ ಹಿಡಿದ್ರು. ಸುತ್ತಲಿನ ಚರ್ಮ ಬಿಳಿಚಿಕೊಳ್ತು, ಚುಕ್ಕೆ ಮಾತ್ರ ಹಾಗೇ ಕೆಂಪಗೆ ಕೂತಿತ್ತು. "ಒತ್ತಿದ್ರೂ ಹೋಗ್ತಿಲ್ಲ ನೋಡು, ಒಳಗೆ ರಕ್ತ ಸೋರಿದೆ, ನಾನು ಏನೂ ಕೊಡಲ್ಲ, ಸ್ಕಿನ್ ಡಾಕ್ಟ್ರ ಹತ್ರ ಹೋಗು" ಅಂದ್ರು. ಅಣ್ಣಾ, ಒಂದು ಟ್ಯೂಬ್ ಕೊಟ್ಟು ದುಡ್ಡು ತಗೊಂಡು ಕಳಿಸಬಹುದಿತ್ತು ನೀವು.

ಆಮೇಲೆ ಆ ಡಾಕ್ಟ್ರಮ್ಮ. "ಹಳೇ ಚುಕ್ಕೆ ಬೇಡ, ನಿನ್ನೆ ಇವತ್ತು ಎದ್ದಿರೋದು ತೋರಿಸಿ" ಅಂತ ಹುಡುಕಿ ಬಯಾಪ್ಸಿಗೆ, ಅಂದ್ರೆ ಲ್ಯಾಬಲ್ಲಿ ಪರೀಕ್ಷೆ ಮಾಡೋಕೆ, ಎರಡು ಚೂರು ಚರ್ಮ ತೆಗೆದ್ರು. ಐಜಿಎ ವ್ಯಾಸ್ಕುಲೈಟಿಸ್ ಅಂತ ಬಂತು. ಹೆಸರು ಕೇಳೇ ಅರ್ಧ ಜೀವ ಹೋಗಿತ್ತು, ಆದ್ರೆ ಅವ್ರು ಹಾಳೆ ಮೇಲೆ ಚಿತ್ರ ಬರೆದು, ಐಜಿಎ ಅನ್ನೋದು ರೋಗದ ವಿರುದ್ಧ ಹೋರಾಡೋ ನಮ್ಮ ದೇಹದ್ದೇ ಪ್ರೋಟೀನ್, ಅದು ಸಣ್ಣ ರಕ್ತನಾಳದ ಗೋಡೇಲಿ ಕೂತು ನಾಳ ಊದ್ಕೊಂಡು ಸೋರುತ್ತೆ, ನಿಂತಷ್ಟೂ ಕಾಲಲ್ಲಿ ಒತ್ತಡ ಜಾಸ್ತಿ ಅದಕ್ಕೇ ಕಾಲಲ್ಲೇ ಬರೋದು, ಚರ್ಮದ್ದು ವಾಸಿಯಾಗುತ್ತೆ ನಂಗೆ ಚಿಂತೆ ಇರೋದು ಕಿಡ್ನಿದು ಅಂತ ಬಿಡಿಸಿ ಹೇಳಿದ್ರು. ಇನ್ಫೆಕ್ಷನ್ನಿಂದ ಬಂತೋ ಮಾತ್ರೆಯಿಂದ ಬಂತೋ ಖಚಿತವಾಗಿ ಹೇಳೋಕಾಗಲ್ಲ, ಆ ಮಾತ್ರೆ ಮಾತ್ರ ಇನ್ನು ಮುಟ್ಟಬೇಡಿ ಅಂದ್ರು. ಹೊಟ್ಟೆ ಹಿಂಡಿದ್ರೆ, ಮಲ ಕಪ್ಪಾದ್ರೆ, ಮೂತ್ರ ಕೆಂಪಾದ್ರೆ ಅಥವಾ ನೊರೆ ಬಂದ್ರೆ ರಾತ್ರಿಯಾದ್ರೂ ಬನ್ನಿ ಅಂತ ಚೀಟಿ ಹಿಂದೆ ಬರ್ಕೊಟ್ರು, ಆ ಚೀಟಿ ಇನ್ನೂ ಫ್ರಿಜ್ ಮೇಲೆ ಅಂಟಿದೆ. ಕಾಲ್ಚಿಸಿನ್ ಅಂತ ಉರಿಯೂತ ಇಳಿಸೋ ಮಾತ್ರೆ ಕೊಟ್ರು, ಚುಕ್ಕೆ ಕಮ್ಮಿ ಆಯ್ತು, ಜೊತೆಗೆ ಲೂಸ್ ಮೋಷನ್ನೂ ಶುರುವಾಯ್ತು, ಆಮೇಲೆ ಡೋಸ್ ಇಳಿಸಿದ್ರು.

ನನ್ ಹೆಂಡ್ತಿ ದಿನಾ ರಾತ್ರಿ ಕಾಲ ಕೆಳಗೆ ಎರಡು ದಿಂಬು ಇಟ್ಟು, ಫೋನಲ್ಲಿ ಫೋಟೋ ತೆಗೆದು ಹೊಸ ಚುಕ್ಕೆ ಎಣಿಸ್ತಿದ್ಲು. ಅವಳಿಗೆ ಇಲ್ಲಿ ಏನು ಬರೆದ್ರೂ ಸಾಲಲ್ಲ.

ಕೊನೇದಾಗಿ ನಮ್ ಸಾವ್ಕಾರ್ರಿಗೆ. ಕೌಂಟರ್ ಹಿಂದೆ ಯಾರಿಗೂ ಕೂರೋಕೆ ಬಿಡದ ಮನುಷ್ಯ, ನಂಗೋಸ್ಕರ ಒಂದು ಸ್ಟೂಲ್ ಹಾಕ್ಸಿದ್ರು. ಇವತ್ತು ರಿಪೋರ್ಟ್ ತೋರಿಸಿ "ಇನ್ನು ತೆಗೀರಿ ಸಾವ್ಕಾರ್ರೆ" ಅಂದೆ. "ಇರ್ಲಿ ಬಿಡೋ, ಜಾಗ ಏನ್ ತಿನ್ನುತ್ತೆ" ಅಂದು, ತಾವೇ ಅದ್ರ ಮೇಲೆ ಕೂತ್ಕೊಂಡ್ರು.